ಪುಸ್ತಕದಲ್ಲಿಲ್ಲದ ಸಾಲು

ಎಂಟನೆಯ ಹಂದಿ ಸಾಯಲು ಒಪ್ಪಲಿಲ್ಲ. ಯೆರ್ಗ್ ಮಾವ ಹಣೆಗಿಟ್ಟ ಗುಂಡು ಎಲ್ಲಿ ಹೊಕ್ಕಿತೋ ಏನೋ, ಅದು ಮಂಡಿಯೂರಿ, ಮತ್ತೆ ಎದ್ದು, ಮೊದಲು ಬಿದ್ದ ಏಳರ ರಕ್ತದಲ್ಲಿ ಕಾಲು ಜಾರಿಸುತ್ತ ನೆಟ್ಟಗೆ ಎಲಿಯಾಸನ ಕಡೆಗೇ ಬಂತು. ಎಲಿಯಾಸ್ ಪಕ್ಕಕ್ಕೆ ಸರಿದ. ಪಕ್ಕಕ್ಕೆ ಸರಿಯುವುದು ಅವನಿಗೆ ರೂಢಿಯಾಗಿತ್ತು. ಇಬ್ಬರು ಅದರ ಕಿವಿ ಹಿಡಿದು ಕೆಡವಿದರು. ಮಾವ ಮೊಣಕಾಲಿನಿಂದ ಅದರ ಭುಜ ಅದುಮಿ, ಚೂರಿಯನ್ನು ಕತ್ತಿನ ಬುಡಕ್ಕೆ ಹಿಡಿಯವರೆಗೂ ನುಗ್ಗಿಸಿ ತಿರುವಿದ. ಕೂಗು ಅರ್ಧಕ್ಕೆ ನಿಂತು ಗೊರಗೊರ ಸದ್ದಾಯಿತು.

“ಪಾಪ, ಮೇಷ್ಟ್ರ ಹತ್ರ ಏನೋ ಕೇಳೋಕೆ ಬಂದಿತ್ತು,” ಎಂದ ಮಾವ, ಚೂರಿಯನ್ನು ಏಪ್ರನ್ನಿಗೆ ಒರೆಸುತ್ತ. “ಮೇಷ್ಟ್ರು ದಾರಿ ಬಿಟ್ಟುಕೊಟ್ರು.”

ಕಸಾಯಿ ಕೊಟ್ಟಿಗೆಯಲ್ಲಿದ್ದವರೆಲ್ಲ ನಕ್ಕರು. ಎಲಿಯಾಸನೂ ನಕ್ಕ, ಉಳಿದವರಿಗಿಂತ ಸ್ವಲ್ಪ ತಡವಾಗಿ.

“ನಾಳೆ ತಲೆ ಮೇಲೆ ನೀರು ಬಿದ್ದರೆ ಧೈರ್ಯ ಬರತ್ತೆ ಬಿಡು,” ಮಾವ ಬಿಡಲಿಲ್ಲ. “ನೀರಾದ ಮೇಲೆ ಹೆಂಡತಿ, ಹೆಂಡತಿಯಾದ ಮೇಲೆ ಗಡ್ಡ. ಮೂವತ್ತೊಂದಕ್ಕೆ ಬೋಳು ಗಲ್ಲ ಇಟ್ಕೊಂಡಿರೋನು ಈ ಕಾಲೊನಿಲಿ ಇನ್ಯಾರಿದಾನೆ ಹೇಳು. ಈ ಹಂದಿಗೂ ನಿನಗಿಂತ ಜಾಸ್ತಿ ಕೂದಲಿದೆ.”

ಮ್ಯಾನಿಟೋಬಾದ ಆ ಬಯಲಿನಲ್ಲಿ, ಒಂದೇ ಅಡುಗೆಮನೆಯಲ್ಲಿ ಉಂಡು, ನನ್ನದು ನಿನ್ನದು ಎನ್ನದೆ ಬದುಕುವ ನೂರಿಪ್ಪತ್ತು ಜನ ಕ್ರೈಸ್ತರ ನಿಯಮ ಅಷ್ಟೇ ಸರಳ. ದೀಕ್ಷಾಸ್ನಾನ ಆದವನಿಗೆ ಮದುವೆ, ಮದುವೆಯಾದವನಿಗೆ ಗಡ್ಡ. ಇಪ್ಪತ್ತು ಇಪ್ಪತ್ತೆರಡಕ್ಕೆಲ್ಲ ಮುಗಿದುಹೋಗುವ ಕೆಲಸ. ಎಲಿಯಾಸ್ ಮಾತ್ರ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಓದಿ, ಕಾಲೊನಿಯ ಶಾಲೆಗೆ ಮೇಷ್ಟ್ರಾಗಿ ಮರಳಿ, ವರ್ಷ ವರ್ಷವೂ “ಇದೊಂದು ವರ್ಷ ಹೋಗ್ಲಿ” ಎನ್ನುತ್ತ ಬಂದಿದ್ದ.

ಅವನಿಗೆ ಅಪನಂಬಿಕೆ ಇತ್ತು ಎನ್ನುವಂತಿಲ್ಲ. ಅದಕ್ಕೂ ಒಂದು ಛಲ ಬೇಕು. ದೀಕ್ಷೆಯ ಪ್ರತಿಜ್ಞೆಯಲ್ಲಿ ‘ಪೂರ್ಣ ಹೃದಯದಿಂದ’ ಎಂಬ ಮಾತಿತ್ತು. ಅವನು ಪ್ರತಿ ಸಲ ಅಲ್ಲಿಗೆ ಬಂದು ಎಡವುತ್ತಿದ್ದ. ತನ್ನ ಹೃದಯದಲ್ಲಿ ಯಾವುದು ಪೂರ್ಣವಾಗಿದೆ ಎಂದು ಹುಡುಕಿದರೆ ಅವನಿಗೆ ಸಿಗುತ್ತಿದ್ದುದು ನೋಡುವ ಚಪಲ ಒಂದೇ. ಈ ವರ್ಷ ಸಭೆ ಕಡ್ಡಿ ಮುರಿದ ಹಾಗೆ ಹೇಳಿತ್ತು: ನೀರು ತಗೊ, ಇಲ್ಲವೇ ಶಾಲೆ ಬಿಡು, ಕಾಲೊನಿ ಬಿಡು. ಇಂದು ಶನಿವಾರ ನಾಲ್ಕು ಗಂಟೆಗೆ ಪ್ರಶ್ನೆಗಳು. ನಾಳೆ, ಈಸ್ಟರಿನ ಹಿಂದಿನ ಗರಿಗಳ ಭಾನುವಾರ, ನೀರು. ಈ ಸಲದ ಆರು ಜನರಲ್ಲಿ ಅವನೇ ಹಿರಿಯ. ಅವನ ತಂಗಿ ಯೂಡಿತ್, ಇಪ್ಪತ್ತರವಳು, ಕಿರಿಯಳು.

ನಾಳೆ ಬರುವ ನೆಂಟರಿಗೆಂದು ಹತ್ತು ಹಂದಿ ಕಡಿಯುತ್ತಿದ್ದರು. ಮನುಷ್ಯರ ಮೇಲೆ ಕೈ ಎತ್ತುವುದು ಆ ಜನರಿಗೆ ಪಾಪ. ಯುದ್ಧಕ್ಕೆ ಹೋಗುವುದಿಲ್ಲವೆಂದು ಅವರ ಅಜ್ಜಂದಿರು ಜೈಲಿಗೆ ಹೋಗಿದ್ದರು. ಆ ಕೈಗಳಿಗೆ ಹಂದಿಗಳೇ ಗತಿ.

ಯೂಡಿತ್ ಖಾಲಿ ಬಕೆಟ್ ಹಿಡಿದು ಬಂದಳು. ಕರುಳು ತೊಳೆಯುವ ಹೆಂಗಸರಿಗೆ ಬಿಸಿನೀರು ಬೇಕಿತ್ತು. ಕೊಟ್ಟಿಗೆಯ ನಡುವಿನ ಉದ್ದನೆಯ ಕಬ್ಬಿಣದ ತೊಟ್ಟಿಯಲ್ಲಿ, ಹಂದಿಯನ್ನು ಅದ್ದಿ ಕೂದಲು ಹೆರೆಯುವ ನೀರು ಹಬೆಯಾಡುತ್ತಿತ್ತು. ಅವಳು ತೊಟ್ಟಿಯ ಆಚೆ ನಿಂತಳು, ಎಲಿಯಾಸ್ ಈಚೆ.

“ಅಣ್ಣ, ಆ ಗಿರಣಿಯವಳು ಎಷ್ಟು ಹೊತ್ತು ತಡೆದ್ಲು?”

“ಯಾವ ಗಿರಣಿಯವಳು?” ಯಾರೆಂದು ಅವನಿಗೆ ಗೊತ್ತಿತ್ತು.

“ಅವತ್ತು ನೀನು ಓದಿದ್ದಲ್ಲ, ಅವಳು.”

“ಎಷ್ಟು ಹೊತ್ತು ಅಂತ ಬರೆದಿಲ್ಲ.”

“ಪಕ್ಕದಲ್ಲಿ ನಿಂತವರು ಮೊದಲೇ ಬಂದ್ರಾ, ಕೊನೆಗೆ ಬಂದ್ರಾ?”

“ನೀರು ತುಂಬ್ಕೊಂಡು ಹೋಗು, ಕಾಯ್ತಿದಾರೆ.”

ಮೂರು ವಾರದ ಹಿಂದಿನ ಮಾತು. ದೀಕ್ಷೆಗೆ ಕೂತ ಆರು ಜನರಿಗೆ ಬೋಧಕ ಮಿಖಾಯಲ್ ದೊಡ್ಡಪ್ಪ ಹಿರಿಯರ ದೊಡ್ಡ ಪುಸ್ತಕದಿಂದ ಓದಬೇಕಿತ್ತು. ಗಂಟಲು ಕಟ್ಟಿದ್ದರಿಂದ ಪುಸ್ತಕವನ್ನು ಎಲಿಯಾಸನ ಕಡೆ ನೂಕಿದ್ದ. ನಂಬಿಕೆಗಾಗಿ ಸತ್ತವರ ಕಥೆಗಳು ಅದರಲ್ಲಿವೆ. ಅಂದಿನದು ಒಬ್ಬ ಗಿರಣಿಯವಳ ಕಥೆ: ನಂಬಿಕೆ ಬಿಡು ಎಂದು ಅಧಿಕಾರಿಗಳು ಅವಳ ಕೈಯನ್ನು ದೀಪದ ಮೇಲೆ ಹಿಡಿಯುತ್ತಾರೆ. ‘ಅವಳು ಬಾಯಿ ಬಿಡಲಿಲ್ಲ’ ಎಂದಷ್ಟೇ ಇದೆ. ಮುಂದಿನ ಸಾಲಿನಲ್ಲಿ ಅವಳನ್ನು ಸುಟ್ಟ ತಾರೀಖು.

ಆರು ಜನರೂ ಉಸಿರು ಬಿಗಿಹಿಡಿದು ಕೂತಿದ್ದರು. ಅಷ್ಟು ಹೊತ್ತು ಕಟ್ಟಿದ ಕಥೆ ತಾರೀಖಿಗೆ ಬಂದು ಬೀಳುವುದು ಎಲಿಯಾಸನಿಗೆ ಸಹಿಸಲಾಗಲಿಲ್ಲ. ತಾನೇ ಒಂದು ಸಾಲು ಸೇರಿಸಿ ಓದಿದ: ‘ಆಗ ಅವಳು ತನ್ನ ಪಕ್ಕದಲ್ಲಿ ಯಾರೋ ಬಂದು ನಿಂತದ್ದನ್ನು ಕಂಡು, ನಕ್ಕಳು.’ ಎಲ್ಲಿ ತಡೆದು ಓದಬೇಕೋ ಅಲ್ಲಿ ತಡೆದು ಓದಿದ. ಯೂಡಿತ್‌ಳ ಕಣ್ಣು ತುಂಬಿತು. ಮೇಷ್ಟ್ರಿಗೆ ಅದರಿಂದ ಖುಷಿಯಾಯಿತು.

ಬೇರೆ ಕಡೆ ಇದೊಂದು ತಪ್ಪೇ ಅಲ್ಲ. ಕಾಲೊನಿಯಲ್ಲಿ ಹಾಗಲ್ಲ. ಅಲ್ಲಿ ಬೋಧಕನಾದವನೂ ತನ್ನ ಮಾತು ಹೇಳುವುದಿಲ್ಲ. ಮುನ್ನೂರು ವರ್ಷಗಳ ಹಿಂದೆ ಹಿರಿಯರು ಬರೆದಿಟ್ಟ ಬೋಧನೆಯನ್ನು ಅಕ್ಷರ ಬಿಡದೆ, ಅಕ್ಷರ ಸೇರಿಸದೆ ಓದುತ್ತಾನೆ. ಓದಿದ್ದೆಂದರೆ ಅದು ಇದೆ ಎಂದೇ ಅರ್ಥ. ಓದುವವನು ಕಟ್ಟಿ ಹೇಳಬಹುದು ಎಂಬ ಯೋಚನೆ ಆ ಜನರ ತಲೆಗೆ ಬರುವುದಿಲ್ಲ.

ತೊಟ್ಟಿಯ ಆಚೆ ಯೂಡಿತ್ ಬಕೆಟ್ ಕೆಳಗಿಟ್ಟು ಅಂಗಿಯ ಬಲತೋಳನ್ನು ಮೇಲಕ್ಕೆ ಮಡಿಸಿದಳು.

“ಹದ ನೋಡಮ್ಮ,” ಎಂದು ಯೆರ್ಗ್ ಮಾವ ದೂರದಿಂದ ಕೂಗಿ ಹೇಳಿದ. ಗೋಡೆಯಲ್ಲಿ ಉಷ್ಣಮಾಪಕ ತೂಗುತ್ತಿತ್ತು. ಅದರ ಮೇಲೆ ಅವನಿಗೆ ನಂಬಿಕೆಯಿಲ್ಲ. ಬೆರಳನ್ನು ನೀರಿನಲ್ಲಿ ಮೂರು ಸಲ ಎಳೆಯಬೇಕು. ಮೂರನೆಯ ಸಲ ತಡೆಯಲಾಗದಿದ್ದರೆ ಹದ ಬಂದಿದೆ. ತಡೆದುಕೊಂಡರೆ ಇನ್ನೂ ಸೌದೆ ಬೇಕು.

ಅವಳು ಒಂದು ಸಲ ಎಳೆದಳು. ಎರಡು ಸಲ ಎಳೆದಳು. ಮೂರನೆಯ ಸಲ ಬೆರಳು ಹೊರಗೆ ಬರಲಿಲ್ಲ. ಬೆರಳ ಹಿಂದೆ ಅಂಗೈ, ಅಂಗೈ ಹಿಂದೆ ಮಣಿಕಟ್ಟು ಒಳಗೆ ಹೋಯಿತು.

ನೀರಿನಲ್ಲಿ ಏನೋ ಬಿದ್ದಿದೆ, ಹುಡುಕುತ್ತಿದ್ದಾಳೆ ಎಂದುಕೊಂಡ ಎಲಿಯಾಸ್. ಆಮೇಲೆ ಅವಳ ಮುಖ ಕಂಡಿತು. ತುಟಿ ಬಿಳಿಚಿತ್ತು, ಕುತ್ತಿಗೆಯ ನರ ಉಬ್ಬಿತ್ತು, ದವಡೆ ಅದುರುತ್ತಿತ್ತು. ಅವಳು ನೀರನ್ನು ನೋಡುತ್ತಿರಲಿಲ್ಲ. ಅವನನ್ನೂ ನೋಡುತ್ತಿರಲಿಲ್ಲ. ತಲೆ ತಿರುಗಿಸಿ ತನ್ನ ಪಕ್ಕದ ಖಾಲಿ ನೆಲವನ್ನು ನೋಡುತ್ತಿದ್ದಳು.

ತೊಟ್ಟಿ ಎರಡು ಮೊಳ ಅಗಲ. ಕೈ ಚಾಚಿ ಅವಳ ಭುಜ ನೂಕಬಹುದಿತ್ತು. ಕೂಗಬಹುದಿತ್ತು. ಅವನಿಗೆ ಎಲ್ಲ ಅರ್ಥವಾಗಿತ್ತು. ಅರ್ಥವಾಗುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ. ಆದರೆ ಅವನೂ ಅವಳ ಪಕ್ಕದ ಆ ಜಾಗವನ್ನೇ ನೋಡುತ್ತ ನಿಂತ. ಯಾರಾದರೂ ಬರುತ್ತಾರೇನೋ ಎಂದು ನೋಡಿದ. ಒಳಗೊಳಗೇ ಎಣಿಸುತ್ತಿದ್ದ, ಶಾಲೆಯಲ್ಲಿ ಮಕ್ಕಳಿಗೆ ಎಣಿಸುವ ಅದೇ ಧಾಟಿಯಲ್ಲಿ. ಏಳು. ಎಂಟು. ಒಂಬತ್ತು.

ಹನ್ನೊಂದಕ್ಕೆ ಯೆರ್ಗ್ ಮಾವ ಚೂರಿ ಎಸೆದು ಓಡಿಬಂದು ಅವಳನ್ನು ಭುಜದಿಂದ ಗುದ್ದಿ ಕೆಡವಿದ. ಅವಳು ರಕ್ತದ ನೆಲದ ಮೇಲೆ ಬಿದ್ದಳು. ಕೂಗಲಿಲ್ಲ. ಕೈ ಮಣಿಕಟ್ಟಿನ ಮೇಲಿನವರೆಗೂ ಬೆಂದು, ಚರ್ಮ ಸಡಿಲವಾಗಿ ನೆರಿಗೆಗಟ್ಟಿತ್ತು. ಆ ನೀರಿಗೆ ಅದ್ದಿದ ಚರ್ಮ ಎಷ್ಟು ಸುಲಭವಾಗಿ ಕೈಗೆ ಬರುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾರೂ ಅದನ್ನು ಮುಟ್ಟಲಿಲ್ಲ.

“ಜಾರಿಬಿಟ್ಳು,” ಎಂದರು ಯಾರೋ. ಎರಡು ನಿಮಿಷದಲ್ಲಿ ಅದೇ ಎಲ್ಲರ ಮಾತಾಯಿತು. ಒಂಬತ್ತನೆಯ ಹಂದಿಯನ್ನು ಒಳಗೆ ಅಟ್ಟುವಾಗ ಹೊರಗಿದ್ದ ಹೆಂಗಸರೂ “ಅಯ್ಯೋ, ಜಾರಿದಳಂತೆ” ಎನ್ನುತ್ತಿದ್ದರು.

ಪಟ್ಟಣದ ಆಸ್ಪತ್ರೆಗೆ ಎಲಿಯಾಸ್ ವ್ಯಾನ್ ಓಡಿಸಿದ. ಹಿಂದಿನ ಸೀಟಿನಲ್ಲಿ ಅಮ್ಮ, ಅಮ್ಮನ ತೊಡೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಆ ಕೈ. ರಸ್ತೆಯ ಎರಡೂ ಬದಿ ಮಾರ್ಚಿನ ಕೊಳಕು ಹಿಮ. ಅಮ್ಮ ದಾರಿಯುದ್ದಕ್ಕೂ ಪ್ರಾರ್ಥನೆ ಹೇಳುತ್ತಿದ್ದಳು. ಪ್ರತಿ ಕುಲುಕಿಗೆ ಯೂಡಿತ್‌ಳ ಹಲ್ಲು ಕಟಕಟ ಎನ್ನುವುದು ಮುಂದಿನ ಸೀಟಿಗೂ ಕೇಳುತ್ತಿತ್ತು.

ಡಾಕ್ಟರು ನಡುವಯಸ್ಸಿನ ಹೆಂಗಸು. ಗಾಯ ನೋಡಿ, ಎಲಿಯಾಸನನ್ನು ಹೊರಗಿನ ಓಣಿಗೆ ಕರೆದಳು.

“ಹೇಗಾಯ್ತು?”

“ಜಾರಿತು.”

“ಜಾರಿದ ಕೈ ಹೀಗಿರಲ್ಲ. ನೀರು ಚಿಮ್ಮಿರತ್ತೆ, ಅಲ್ಲಲ್ಲಿ ಬೊಬ್ಬೆ ಬಂದಿರತ್ತೆ. ಇವಳದು ಕೈಗವಸು ಹಾಕಿದ ಹಾಗೆ ನೇರ ಗೆರೆ. ಒಳಗಿಟ್ಟು ಅಲ್ಲಾಡದೆ ಹಿಡಿದಿದ್ರೆ ಮಾತ್ರ ಹೀಗಾಗತ್ತೆ.” ಅವಳು ಅವನ ಕಪ್ಪು ಕೋಟನ್ನು, ಅಂಗಿಯ ತೋಳಿನ ರಕ್ತವನ್ನು ನೋಡಿದಳು. “ಯಾರಾದ್ರೂ ಹಿಡಿದು ಅದ್ದಿದ್ರಾ?”

“ನಾವು ಯಾರನ್ನೂ ಹೊಡೆಯೋ ಜನ ಅಲ್ಲ.”

“ನಾನು ಅದನ್ನ ಕೇಳಲಿಲ್ಲ. ಅವಳ ಪಕ್ಕದಲ್ಲಿ ಯಾರಿದ್ರು?”

“ಯಾರೂ ಇರ್ಲಿಲ್ಲ,” ಎಂದ ಎಲಿಯಾಸ್. ಆ ಓಣಿಯಲ್ಲಿ ಅವನು ಆಡಿದ ನಿಜವಾದ ಮಾತು ಅದೊಂದೇ. ಡಾಕ್ಟರು ನಂಬಲಿಲ್ಲ.

ಸೋಮವಾರ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು, ತೊಡೆಯ ಚರ್ಮ ತೆಗೆದು ಕೂರಿಸಬೇಕು, ಬೆರಳು ಮಡಚುವುದು ಅನುಮಾನ ಎಂದಳು. ಅಲ್ಲಿಯವರೆಗೆ ಇಲ್ಲೇ ಇರಲಿ ಎಂದಳು. ಯೂಡಿತ್ ಕೇಳಲಿಲ್ಲ. ಮಂಪರು ಬರಿಸುವ ಮಾತ್ರೆಯನ್ನೂ ಬೇಡವೆಂದಳು. ನಾಲ್ಕು ಗಂಟೆಗೆ ತನಗೆ ಎಚ್ಚರವಿರಬೇಕು.

ಔಷಧದಂಗಡಿಯ ಮುಂದೆ ಅಮ್ಮ ಇಳಿದು ಹೋದಳು. ವ್ಯಾನಿನಲ್ಲಿ ಇಬ್ಬರೇ ಉಳಿದರು. ಎಲಿಯಾಸ್ ಗಾಜಿನ ಮೇಲಿನ ಮಂಜನ್ನು ಸುಮ್ಮನೆ ಒರೆಸಿದ.

“ನೀನು ನೋಡಿದೆಯಲ್ಲ,” ಎಂದಳು ಯೂಡಿತ್.

“ಏನು?”

“ನೋಡಿದೆ ಅಂತ ನನಗ್ಗೊತ್ತು. ನಾನು ಕೂಗಿದ್ನಾ?”

“ಇಲ್ಲ.”

“ನಕ್ನಾ?”

ಅವನು ಒರೆಸಿದ ಗಾಜನ್ನೇ ಮತ್ತೆ ಒರೆಸಿದ.

“ಯಾರೂ ಬರ್ಲಿಲ್ಲ, ಅಣ್ಣ. ಬರೀ ಉರಿ. ಅಷ್ಟು ಉರಿಲಿ ಕಣ್ಣು ಬಿಟ್ಕೊಂಡು ನೋಡ್ತಾನೇ ಇದ್ದೆ. ಅಲ್ಲಿದ್ದದ್ದು ನೀನೊಬ್ಬನೇ.” ಅವಳ ದನಿಯಲ್ಲಿ ದೂರು ಇರಲಿಲ್ಲ. ಅದೇ ಅವನಿಗೆ ತಡೆಯಲಾಗದ್ದು. “ಪುಸ್ತಕದಲ್ಲಿ ಇದೆ ಅಲ್ವಾ, ಪಕ್ಕದಲ್ಲಿ ಬಂದು ನಿಂತ್ರು ಅಂತ?”

ಈಗ ಹೇಳಬೇಕು ಎಂದುಕೊಂಡ ಎಲಿಯಾಸ್. ‘ಇಲ್ಲ’ ಎಂದರೆ ಸಾಕು, ಎರಡೇ ಅಕ್ಷರ. ಆ ಎರಡಕ್ಷರ ಹೇಳಿದರೆ ಅವಳ ಕೈ ಒಂದು ಕಟ್ಟುಕಥೆಗೆ ಬೆಂದುಹೋಯಿತು ಎಂದಾಗುತ್ತದೆ. ಕಟ್ಟಿದವನು ಎದುರಿಗೆ ನಿಂತು ಎಣಿಸುತ್ತಿದ್ದ ಎಂದಾಗುತ್ತದೆ. ಅವಳ ಮೇಲಿನ ಕರುಣೆಗೋ ತನ್ನ ಮೇಲಿನ ಕರುಣೆಗೋ, ಅವನ ಬಾಯಿ ತಾನಾಗಿ ತೆರೆಯಿತು.

“ಇದೆ,” ಎಂದ.

ಯೂಡಿತ್ ಬ್ಯಾಂಡೇಜಿನ ತುದಿಯನ್ನು ಒಳಗೆ ಸಿಕ್ಕಿಸಿದಳು.

“ಹಾಗಾದ್ರೆ ನನ್ನಲ್ಲೇ ಏನೋ ಕಮ್ಮಿ ಇದೆ. ಪೂರ್ತಿ ಮನಸ್ಸಿಂದ ಇಡ್ಲಿಲ್ಲ ಅನ್ಸತ್ತೆ. ಬರ್ತಾರೋ ಇಲ್ವೋ ನೋಡೋಣ ಅಂತ ಇಟ್ಟೆ. ಹಾಗಿಟ್ರೆ ಯಾಕೆ ಬರ್ತಾರೆ.” ಅವಳು ತೊಡೆಯ ಮೇಲಿದ್ದ ಎಡಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡಳು. “ಇನ್ನೊಂದಿದೆಯಲ್ಲ.”

“ಯೂಡಿತ್.”

“ಏನೂ ಇಲ್ಲ ಬಿಡು. ಅಮ್ಮ ಬಂದ್ಲು.”

ಅಮ್ಮ ಬಂದು ಕೂತಳು. ಎಲಿಯಾಸ್ ವ್ಯಾನ್ ಶುರು ಮಾಡಿದ. ಮುಕ್ಕಾಲು ಗಂಟೆಯ ದಾರಿ. ಅವನು ಬಾಯಿ ತೆರೆಯಬಹುದಾದ ಜಾಗಗಳು ಒಂದೊಂದೇ ಹಿಂದೆ ಸರಿದವು. ರೈಲುಗೇಟು, ಧಾನ್ಯದ ಗೋದಾಮು, ಹೆಪ್ಪುಗಟ್ಟಿದ ಹೊಳೆಯ ಸೇತುವೆ. ಹೇಡಿತನ ಇಷ್ಟು ಶಾಂತವಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಮೂರೂವರೆಗೆ ಅವನು ದೊಡ್ಡಪ್ಪನ ಮನೆಗೆ ಹೋದ. ಮಿಖಾಯಲ್ ದೊಡ್ಡಪ್ಪ ಕನ್ನಡಿಯ ಮುಂದೆ ನಿಂತು ಕಪ್ಪು ಕೋಟಿನ ಕೊಕ್ಕೆಗಳನ್ನು ಒಂದೊಂದಾಗಿ ಸಿಕ್ಕಿಸುತ್ತಿದ್ದ.

“ಜಾರಿದ್ಲಂತೆ,” ಎಂದ, ತಿರುಗದೆ.

“ಜಾರಲಿಲ್ಲ. ತಾನಾಗಿ ಇಟ್ಳು.”

ದೊಡ್ಡಪ್ಪನ ಬೆರಳು ಮೂರನೆಯ ಕೊಕ್ಕೆಯಲ್ಲಿ ನಿಂತಿತು. “ನೀನೆಲ್ಲಿದ್ದೆ?”

“ಎದುರಿಗೆ. ನೋಡ್ತಾ ನಿಂತಿದ್ದೆ. ಹನ್ನೊಂದು ಎಣಿಸೋವರೆಗೂ.”

“ಗಾಬರಿಲಿ ಕೈಕಾಲು ಆಡಲ್ಲ. ಎಲ್ಲರಿಗೂ ಹಾಗೇ.”

“ನನಗೆ ಗಾಬರಿ ಆಗ್ಲಿಲ್ಲ, ದೊಡ್ಡಪ್ಪ. ನೋಡ್ಬೇಕು ಅನ್ನಿಸ್ತು.”

ದೊಡ್ಡಪ್ಪ ಮಂಚದ ಅಂಚಿನಲ್ಲಿ ಕೂತ. ಕೆಟ್ಟ ಮನುಷ್ಯನಲ್ಲ. ಚಿಕ್ಕಂದಿನಲ್ಲಿ ಎಲಿಯಾಸನನ್ನು ಹೆಗಲ ಮೇಲೆ ಹೊತ್ತು ಗೋಧಿ ಹೊಲ ತೋರಿಸಿದವನು.

“ನನಗೆ ಶಿಕ್ಷೆ ಕೊಡಿ,” ಎಂದ ಎಲಿಯಾಸ್. “ಎಲ್ಲರೆದುರಿಗೆ. ಹೊರಗೆ ಹಾಕಿ.”

ದೊಡ್ಡ ತಪ್ಪಿಗೆ ಅಲ್ಲಿ ಇರುವುದು ಅದೇ. ಹೊರಗೆ ಹಾಕಿದವನ ಕೈ ಯಾರೂ ಕುಲುಕುವುದಿಲ್ಲ. ಹೆಂಡತಿಯೂ ಅವನ ಜೊತೆ ಮಲಗುವುದಿಲ್ಲ. ಬಾಗಿಲ ಬಳಿ ಒಬ್ಬನೇ ಕೂತು ಉಣ್ಣಬೇಕು, ವಾರವೋ ತಿಂಗಳೋ, ಸಭೆ ಕ್ಷಮಿಸಿ ಕೈ ಹಿಡಿಯುವವರೆಗೆ.

“ಎಲ್ಲಿಂದ ಹೊರಗೆ ಹಾಕಲಿ?” ಎಂದ ದೊಡ್ಡಪ್ಪ. “ನೀನಿನ್ನೂ ಒಳಗೇ ಬಂದಿಲ್ಲವಲ್ಲೋ.”

“ಹಾಗಾದ್ರೆ?” ಎಂದ ಎಲಿಯಾಸ್.

“ಹದಿನೈದರೊಳಗಿನವನಾಗಿದ್ರೆ ಬೆಲ್ಟಿನ ಏಟು ಕೊಡ್ತಿದ್ದೆ. ನೀರಾದವನಾಗಿದ್ರೆ ಹೊರಗೆ ಹಾಕ್ತಿದ್ದೆ. ನೀನು ಅದೂ ಅಲ್ಲ, ಇದೂ ಅಲ್ಲ. ನಿನಗೆ ಕೊಡೋ ಶಿಕ್ಷೆ ನಮ್ಮ ಹತ್ರ ಇಲ್ಲ.” ಅವನು ಎದ್ದು ಮತ್ತೆ ಕನ್ನಡಿಯ ಕಡೆ ತಿರುಗಿದ. “ಒಂದು ಕೆಲಸ ಮಾಡು. ನಾಲ್ಕು ಗಂಟೆಗೆ ಹೌದು ಅನ್ನು. ನಾಳೆ ನೀರು ತಗೊ. ಸೋಮವಾರ ಬಂದು ಇದನ್ನೇ ಹೇಳು, ಹೊರಗೆ ಹಾಕ್ತೀನಿ.”

ದೊಡ್ಡಪ್ಪ ತಮಾಷೆ ಮಾಡುತ್ತಿರಲಿಲ್ಲ. ಅವನಿಗೆ ತಮಾಷೆ ಬರುತ್ತಿರಲಿಲ್ಲ.

“ಇನ್ನೊಂದು ಮಾತಿದೆ. ಆ ಗಿರಣಿಯವಳ ಕಥೆ...”

“ಅವತ್ತು ಚೆನ್ನಾಗಿ ಓದಿದೆ,” ಎಂದು ದೊಡ್ಡಪ್ಪ ಮಾತು ತಡೆದ. “ನನಗೂ ಕಣ್ಣಲ್ಲಿ ನೀರು ಬಂತು. ನಲವತ್ತು ವರ್ಷದಿಂದ ಅದನ್ನ ಓದ್ತಿದೀನಿ. ಪಕ್ಕದಲ್ಲಿ ಯಾರೋ ನಿಂತಿದ್ದು ಒಂದು ಸಲವೂ ಕಣ್ಣಿಗೆ ಬಿದ್ದಿರ್ಲಿಲ್ಲ. ಮನೆಗೆ ಬಂದು ತೆಗೆದು ನೋಡಿದೆ.”

“ನೋಡಿ?”

“ಕನ್ನಡಕ ಬದಲಾಯಿಸ್ಬೇಕು ಅನ್ಸತ್ತೆ.”

ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಹೊರಗೆ ಯಾರೋ ಬೂಟಿನ ಹಿಮ ಕೊಡವುತ್ತ ಸಭಾಮನೆಯ ಕಡೆ ಹೋದರು.

“ಯೂಡಿತ್‌ಗೆ ಹೇಳ್ಬೇಕು,” ಎಂದ ಎಲಿಯಾಸ್. “ಅವಳು ಇನ್ನೊಂದು ಕೈ...”

“ಏನಂತ ಹೇಳ್ತೀಯ? ನಿನ್ನ ಕೈ ಸುಮ್ಮನೆ ಹೋಯ್ತಮ್ಮ ಅಂತಲಾ?” ದೊಡ್ಡಪ್ಪ ಮೊದಲ ಸಲ ಅವನನ್ನು ನೇರವಾಗಿ ನೋಡಿದ. ಆ ಕಣ್ಣಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು. “ನಾಲ್ಕಾಯ್ತು. ನಡಿ.”

ಸಭಾಮನೆಯಲ್ಲಿ ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಮುಂದಿನ ಬೆಂಚಿನಲ್ಲಿ ದೀಕ್ಷೆಗೆ ಕೂತವರು, ಈಚೆ ನಾಲ್ವರು ಹುಡುಗರು, ಆಚೆ ಇಬ್ಬರು ಹುಡುಗಿಯರು. ಎಲ್ಲರ ಮೈಯಲ್ಲೂ ಬಿಸಿ ಕೊಬ್ಬಿನ ವಾಸನೆ ಇನ್ನೂ ಹೋಗಿರಲಿಲ್ಲ. ಹಿಂದಿನಿಂದ ಯೆರ್ಗ್ ಮಾವ ಬಗ್ಗಿ ಎಲಿಯಾಸನ ಬೆನ್ನು ತಟ್ಟಿದ.

“ಮಂಡಿಯೂರಿ,” ಎಂದ ದೊಡ್ಡಪ್ಪ.

ನೂರಿಪ್ಪತ್ತು ಜನ ಒಟ್ಟಿಗೆ ಮಂಡಿಯೂರಿದ ಸದ್ದಿಗೆ ನೆಲದ ಹಲಗೆ ನರಳಿತು. ಅಲ್ಲಿಯ ರೂಢಿಯಂತೆ ಎಲ್ಲರೂ ಎರಡೂ ಕೈ ಜೋಡಿಸಿ ಮುಖದ ಮುಂದೆ ಎತ್ತಿ ಹಿಡಿದರು. ಎಲಿಯಾಸನೂ ಎತ್ತಿದ. ಅವನ ಕೈಗಳು ಶುದ್ಧವಾಗಿದ್ದವು. ಎರಡು ಸಲ ಸೋಪು ಹಾಕಿ ತೊಳೆದುಕೊಂಡಿದ್ದ.

ದೊಡ್ಡಪ್ಪ ಹಳೆಯ ಹಾಳೆಯಿಂದ, ಅಕ್ಷರ ಬಿಡದೆ, ಅಕ್ಷರ ಸೇರಿಸದೆ ಓದಿದ. “ಎಲಿಯಾಸ್ ವಾಲ್ಡ್‌ನರ್, ನಿನ್ನ ದೇಹವನ್ನೂ ಆತ್ಮವನ್ನೂ ನಿನ್ನದೆಂಬುದೆಲ್ಲವನ್ನೂ ಪೂರ್ಣ ಹೃದಯದಿಂದ ಕರ್ತನಿಗೆ ಒಪ್ಪಿಸಿ, ಅವನಿಗೂ ಅವನ ಸಭೆಗೂ ವಿಧೇಯನಾಗಿ ಇರುವೆಯಾ?”

ಹೌದು ಎನ್ನಬಹುದಿತ್ತು. ಹೌದು ಎಂದರೆ ಸೋಮವಾರ ಶಿಕ್ಷೆ ಸಿಗುತ್ತಿತ್ತು, ಒಂದು ದಿನ ಕ್ಷಮೆಯೂ ಸಿಗುತ್ತಿತ್ತು. ಇಲ್ಲ ಎನ್ನಬಹುದಿತ್ತು, ಆ ಸಾಲು ನನ್ನದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಬಹುದಿತ್ತು. ಆಗ ಉಳಿಯುವುದು ತನ್ನ ಶಾಲೆಯಲ್ಲ, ಅವಳ ಇನ್ನೊಂದು ಕೈ. ಎರಡೂ ಮಾತು ನಾಲಿಗೆಯ ತುದಿಯಲ್ಲಿದ್ದವು. ಯಾವುದು ಮೊದಲು ಹೊರಬೀಳುತ್ತದೋ ಎಂದು ಅವನು ತನ್ನನ್ನೇ ನೋಡುತ್ತ ಕಾದ.

ಹಿಂದೆ ಯಾರೋ ಕೆಮ್ಮಿದರು. ದೊಡ್ಡಪ್ಪ ಅದೇ ಪ್ರಶ್ನೆಯನ್ನು ಇನ್ನೊಂದು ಸಲ, ಇನ್ನೂ ನಿಧಾನವಾಗಿ ಓದತೊಡಗಿದ.

ಎಲಿಯಾಸ್ ತಲೆ ಎತ್ತದೆ ಬಲಕ್ಕೆ ಕಣ್ಣು ಹಾಯಿಸಿದ. ಹೆಂಗಸರ ಕಡೆ ಜೋಡಿಸಿದ ಕೈಗಳು ಸಾಲುಸಾಲಾಗಿ ನಿಂತಿದ್ದವು. ಮುಂದಿನ ಸಾಲಿನ ತುದಿಯಲ್ಲಿ ಯೂಡಿತ್‌ಳ ಬಲಗೈ ಬ್ಯಾಂಡೇಜಿನಲ್ಲಿ ಸುತ್ತಿ ಎದೆಗೆ ಕಟ್ಟಿತ್ತು. ಎಡಗೈ ಒಂದೇ, ಜೋಡಿಯಿಲ್ಲದೆ, ಮುಖದ ಮುಂದೆ ಗಾಳಿಯಲ್ಲಿ ನಿಂತಿತ್ತು. ಬಿಳಿಯ, ಒಂದು ಕಲೆಯೂ ಇಲ್ಲದ ಕೈ. ಅದು ಸ್ವಲ್ಪವೂ ನಡುಗುತ್ತಿರಲಿಲ್ಲ.